ಹಟಮಾರಿ ವೈರಸ್ಸೂ ಹೊರಗಿನ ಫ್ಲಾಪಿಯೂ

ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮದ್ದು: "ಫಾರ್ಮ್ಯಾಟ್ ಹೊಡೆಯಿರಿ." ಮಕ್ಕಳ ಫೋಟೋ, ಪಾಠಯೋಜನೆ, ನುಡಿಯಲ್ಲೋ ಬರಹದಲ್ಲೋ ಕಷ್ಟಪಟ್ಟು ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಚರಿತ್ರೆ ನೋಡಿದರೆ ಬೇರೊಂದು ಮದ್ದಿದೆ. ಅದು ಪಿಸಿಯ ಮೊದಲ ವೈರಸ್ಸಿನಷ್ಟೇ ಹಳೆಯದು.

ಆ ವೈರಸ್ಸಿನ ಹೆಸರು ‘ಬ್ರೈನ್’. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಖ್ ಅಲ್ವಿ ಎಂಬ ಅಣ್ಣತಮ್ಮಂದಿರು ಅದನ್ನು ಬರೆದರು. ತಮ್ಮ ತಂತ್ರಾಂಶವನ್ನು ಜನ ಕದ್ದು ಪ್ರತಿ ಮಾಡದಿರಲಿ ಎಂಬುದು ಉದ್ದೇಶವೆಂದು ಅವರೇ ಹೇಳಿದ್ದಾರೆ. ಒಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಕೂಡ ಹಾಕಿದ್ದರು! (ಈಗಿನವರಿಗೆ ಅಷ್ಟು ಸಂಕೋಚವೂ ಇಲ್ಲ.) ಕಂಪ್ಯೂಟರ್ ಶುರುವಾಗುವಾಗ ಫ್ಲಾಪಿಯಲ್ಲಿ ಮೊದಲು ಓದುವ ಭಾಗ ಬೂಟ್ ಸೆಕ್ಟರ್. ಬ್ರೈನ್ ಅಲ್ಲಿ ತಾನು ಕೂತು, ಅಸಲಿಯನ್ನು ಬೇರೆಡೆಗೆ ಸಾಗಿಸಿ, ಆ ಜಾಗ ಕೆಟ್ಟಿದೆಯೆಂದು ಗುರುತು ಹಾಕುತ್ತಿತ್ತು. ಯಾರಾದರೂ ಪರೀಕ್ಷಿಸಲು ಹೋದರೆ ಆ ಅಸಲಿಯನ್ನೇ ತೆಗೆದು ತೋರಿಸುತ್ತಿತ್ತು. ಕಳ್ಳನನ್ನೇ ಕರೆದು "ಮನೆಯಲ್ಲಿ ಕಳ್ಳನಿದ್ದಾನೆಯೇ?" ಎಂದು ಕೇಳಿದ ಹಾಗೆ.

ಆಗ ಕಂಡುಕೊಂಡ ಉಪಾಯ ಸರಳ. ಯಂತ್ರವನ್ನು ಪೂರ್ತಿ ಆರಿಸುವುದು. ಅಂಚಿನ ಕಚ್ಚಿಗೆ ಪಟ್ಟಿ ಅಂಟಿಸಿ, ಬರೆಯಲಾಗದಂತೆ ಮಾಡಿದ ಶುದ್ಧ ಡಾಸ್ ಫ್ಲಾಪಿಯಿಂದ ಮತ್ತೆ ಶುರು ಮಾಡುವುದು. ಈಗ ವೈರಸ್ ಓಡುತ್ತಿಲ್ಲ, ಸುಮ್ಮನೆ ಬಿದ್ದಿರುವ ಅಕ್ಷರಗಳಷ್ಟೆ. ಅಳಿಸಿದರೆ ಅಳಿಯುತ್ತದೆ.

ಅದರ ಹಿಂದೆಯೇ ನ್ಯೂಜಿಲೆಂಡಿನಿಂದ ಹೊರಟ ‘ಸ್ಟೋನ್ಡ್’ ಹಾರ್ಡ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಕೂರುತ್ತಿತ್ತು. ಡಾಸಿನ ಫಾರ್ಮ್ಯಾಟ್ ಆಜ್ಞೆ ಆ ಸೆಕ್ಟರನ್ನು ಮುಟ್ಟುವುದೇ ಇಲ್ಲ. ಕಡತಗಳೆಲ್ಲ ಹೋದವು, ವೈರಸ್ ಉಳಿಯಿತು! ಫಾರ್ಮ್ಯಾಟ್ ಪ್ರಿಯರು ಇದನ್ನು ನೆನಪಿಡಬೇಕು.

2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಇನ್ನೂ ಜಾಣ. ವಿಂಡೋಸಿನ ಅಪ್‌ಡೇಟನ್ನು ನಿಲ್ಲಿಸಿತು, ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ಮಾಡಿತು. ಔಷಧದ ಅಂಗಡಿಯ ದಾರಿಗೇ ಬೇಲಿ! ಬರೆದವರ ಸುಳಿವಿಗೆ ಮೈಕ್ರೋಸಾಫ್ಟ್ 2009ರಲ್ಲಿ 2,50,000 ಡಾಲರ್ ಬಹುಮಾನ ಸಾರಿತು. ಅದು ಪೆನ್ ಡ್ರೈವಿನಲ್ಲೂ ಸಾಗುತ್ತಿತ್ತು. ಚುಚ್ಚಿದೊಡನೆ ತಾನೇ ತೆರೆದುಕೊಳ್ಳಲು ವಿಂಡೋಸಿನಲ್ಲಿದ್ದ ‘ಆಟೋರನ್’ ಸೌಕರ್ಯವೇ ಅದಕ್ಕೆ ಬಾಗಿಲು. ಎಕ್ಸ್‌ಪಿ, ವಿಸ್ತಾಗಳಲ್ಲಿ ಪೆನ್ ಡ್ರೈವಿನ ಮಟ್ಟಿಗೆ ಆ ಬಾಗಿಲನ್ನು ಮುಚ್ಚುವ ಅಪ್‌ಡೇಟ್ ಎಲ್ಲರಿಗೂ ಹೋದದ್ದು 2011ರ ಫೆಬ್ರವರಿಯಲ್ಲಿ.

ಇಲ್ಲಿ ನಮ್ಮ ಕಾಸರಗೋಡಿನ ಮಾತು ಬರುತ್ತದೆ. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆಯಿಂದಾಗಿ ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬಿಗೂ ಲಿನಕ್ಸ್ ಬಂತು. ಮನೆಯಲ್ಲಿ ವಿಂಡೋಸ್, ಶಾಲೆಯಲ್ಲಿ ಲಿನಕ್ಸ್ ಎಂದು ನಾವು ಅಧ್ಯಾಪಕರು ಗೊಣಗಿದ್ದುಂಟು. ಆದರೆ ಮನೆಯಲ್ಲಿ ಖಾಲಿಯಂತೆ ಕಾಣುತ್ತಿದ್ದ ಪೆನ್ ಡ್ರೈವನ್ನು ಲ್ಯಾಬಿನಲ್ಲಿ ಚುಚ್ಚಿದರೆ, ಅಡಗಿದ್ದ ಆಟೋರನ್ ಕಡತ, ಫೋಲ್ಡರಿನ ವೇಷದ ಪ್ರೋಗ್ರಾಂ ಎಲ್ಲ ಸಾಲಾಗಿ ಕಾಣುತ್ತಿದ್ದವು! ವಿಂಡೋಸಿಗೆಂದು ಬರೆದ ವೈರಸ್ ಅಲ್ಲಿ ಓಡದು. ಆರಿಸಿ ಅಳಿಸಿದರಾಯಿತು. ಲಾಹೋರಿನ ವೈರಸ್ಸಿಗೆ ಆ ಡಾಸ್ ಫ್ಲಾಪಿ ಮಾಡಿದ ಕೆಲಸವೇ ಇದು.

ಮನೆಯ ಯಂತ್ರಕ್ಕೂ ಹೀಗೆಯೇ. ಲಿನಕ್ಸಿನ ಲೈವ್ ಸಿಡಿ ಅಥವಾ ಪೆನ್ ಡ್ರೈವಿನಿಂದ ಶುರು ಮಾಡಿ, ಮೊದಲು ಫೋಟೋ, ಬರಹಗಳನ್ನು ಹೊರಗೆ ಪ್ರತಿ ಮಾಡಿಕೊಳ್ಳಬೇಕು. ಪ್ರೋಗ್ರಾಂ ಕಡತಗಳನ್ನು ಮಾತ್ರ ಬೇಡ, ವೈರಸ್ಸೂ ಜೊತೆಗೆ ಬಂದೀತು. ಆಮೇಲೆ ಆಂಟಿವೈರಸ್ ಕಂಪನಿಗಳ ರೆಸ್ಕ್ಯೂ ಡಿಸ್ಕಿನಿಂದ ಶೋಧಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಒಳಗೇ ಇದೆ. ಅದೂ ವಿಂಡೋಸನ್ನು ನಿಲ್ಲಿಸಿ ಹೊರಗಿನಿಂದಲೇ ಹುಡುಕುತ್ತದೆ. ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಾಯಿಸಬೇಕು. ಇಷ್ಟಾದ ಮೇಲೂ ಸಂಶಯ ಉಳಿದರೆ ಆಗ ಫಾರ್ಮ್ಯಾಟ್, ಆಗ ಕಳಕೊಳ್ಳುವುದೇನೂ ಇಲ್ಲ.

ಒಂದು ರೋಗಕ್ಕೆ ಮಾತ್ರ ಈ ಮದ್ದು ಅರ್ಧವಷ್ಟೇ. 2017ರ ಮೇ ತಿಂಗಳಲ್ಲಿ ಹಬ್ಬಿದ ‘ವಾನಾಕ್ರೈ’ ಕಡತಗಳಿಗೇ ಬೀಗ ಹಾಕುತ್ತಿತ್ತು. ಅಂಥದನ್ನು ಹೊರಗಿನಿಂದ ಅಳಿಸಬಹುದು, ಬೀಗ ಹಾಗೆಯೇ ಉಳಿಯುತ್ತದೆ.