ಸುಮ್ಮನೆ

‘ಸುಮ್ಮನೆ’ ವ್ಯಾಕರಣದ ಲೆಕ್ಕದಲ್ಲಿ ಕ್ರಿಯಾವಿಶೇಷಣ. ಕೂರು, ನೋಡು, ಬರು, ಕೊಡು, ಬಿಡು ಎಂಬಂಥ ಯಾವುದಾದರೊಂದು ಕ್ರಿಯಾಪದದ ಹೆಗಲಿಗೆ ಒರಗಿಕೊಂಡೇ ಅದು ನಡೆಯುವುದು. ಒರಗಿದ ಹೆಗಲಿಗೆ ತಕ್ಕಂತೆ ಬಣ್ಣವೂ ಬದಲಾಗುತ್ತದೆ. ‘ಮಗು ಸುಮ್ಮನಾಯಿತು’ ಎಂದರೆ ಅಳು ನಿಂತಿತು. ‘ಸುಮ್ನೆ ಬಂದೆ’ ಎಂದರೆ ಬಂದವರಿಗೆ ಕೆಲಸವೇನೂ ಇಲ್ಲ. ‘ಸುಮ್ನೆ ಕೊಡ್ತಾರಾ?’ ಎಂದಾಗ ಅದು ಬಿಟ್ಟಿ, ‘ಸುಮ್ನೆ ಹೇಳ್ದೆ ಕಣೋ’ ಎಂದಾಗ ತಮಾಷೆ. ಕಾರಣವಿಲ್ಲದೆ ಬೈಸಿಕೊಂಡವರು ‘ಸುಮ್ಸುಮ್ನೆ ಬೈದ್ರು’ ಎಂದು ಪದವನ್ನು ಇಮ್ಮಡಿಸಿ ದೂರುತ್ತಾರೆ. ‘ನಿನ್ನ ಸುಮ್ನೆ ಬಿಡಲ್ಲ’ ಎಂಬಲ್ಲಿ ಮಾತ್ರ ಇಷ್ಟು ಮೆತ್ತಗಿನ ಪದಕ್ಕೂ ಹಲ್ಲು ಮೂಡುತ್ತದೆ.

ಇಷ್ಟು ಬಳಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಳಗೆ ಮೂರು ಎಳೆಗಳು ಸಿಗುತ್ತವೆ: ಸದ್ದಿಲ್ಲ, ಉದ್ದೇಶವಿಲ್ಲ, ಬೆಲೆಯಿಲ್ಲ. ಮೂರೂ ‘ಇಲ್ಲ’ಗಳೇ. ಆದರೂ ಪದ ಕೇಳುವುದಕ್ಕೆ ಖಾಲಿ ಅನ್ನಿಸುವುದಿಲ್ಲ.

ತಮಿಳಿನ ‘ಸುಮ್ಮಾ’, ಮಲಯಾಳದ ‘ಚುಮ್ಮಾ’ ಇದರ ಒಡಹುಟ್ಟುಗಳು. ಅಲ್ಲಿಯೂ ಅರ್ಥಗಳು ಹೆಚ್ಚುಕಡಿಮೆ ಇವೇ. ತೆಲುಗು ಬೇರೆ ಬೇರಿನಿಂದ ‘ಊರಿಕೆ’ ಎಂದು ಕರೆದರೂ ಬಿಟ್ಟಿ, ನಿಷ್ಕಾರಣ ಎಂಬ ಅರ್ಥಗಳನ್ನು ಅದರೊಳಗೂ ಕಟ್ಟಿಟ್ಟಿದೆ. ಕರಾವಳಿಯಲ್ಲಿ ‘ಸುಮ್ಮಗೆ’ ಎಂಬ ರೂಪ ಕೇಳುತ್ತದೆ, ಇನ್ನೂ ಕೆಲವೆಡೆ ‘ಸುಮ್ಕೆ’. ಬೆಂಗಳೂರಿನವರು ಇಂಗ್ಲಿಷ್ ಆಡುವಾಗ ‘ಸಿಂಪ್ಲಿ ಬಂದೆ’ ಎಂಬ ಧಾಟಿಯಲ್ಲಿ ‘ಸಿಂಪ್ಲಿ’ಯನ್ನು ದುಡಿಸುತ್ತಾರಲ್ಲ, ಅದು ಕೋಟು ತೊಟ್ಟ ‘ಸುಮ್ನೆ’. ಇಂಗ್ಲಿಷಿನಲ್ಲಿ ಈ ಮೂರು ಎಳೆಗಳಿಗೆ ಮೂರು ಪದ ಬೇಕು. ದಕ್ಷಿಣದವರಿಗೆ ಒಂದು ಸಾಕಾಗುತ್ತದೆ.

ಅಕ್ಕಪಕ್ಕದ ಪದಗಳ ಜೊತೆ ನಿಲ್ಲಿಸಿದಾಗ ಇದರ ಗುಣ ಇನ್ನೂ ಚೆನ್ನಾಗಿ ತಿಳಿಯುತ್ತದೆ. ‘ಮೌನ’ ಸಂಸ್ಕೃತದ ಗಾಂಭೀರ್ಯ ಹೊತ್ತದ್ದು. ಅದಕ್ಕೆ ವ್ರತವಿದೆ, ಆಚರಣೆಯಿದೆ, ಮುರಿದರೆ ಭಂಗವೂ ಇದೆ. ‘ತೆಪ್ಪಗಿರು’ ಎಂಬುದರಲ್ಲಿ ಗದರಿಕೆ ಇದೆ, ಉತ್ತರ ಕರ್ನಾಟಕದ ‘ಗಪ್ ಕುಂಡ್ರು’ ಎಂಬುದರಲ್ಲಿ ಎತ್ತಿದ ಕೈ ಕಾಣುತ್ತದೆ. ‘ಸುಮ್ಮನಿರು’ ಇವೆಲ್ಲಕ್ಕಿಂತ ಸಲಿಗೆಯದು. ಅದು ಬಾಯಿ ಮುಚ್ಚಲು ಹೇಳುತ್ತಿಲ್ಲ, ‘ಇರು’ ಎನ್ನುತ್ತಿದೆ. ಸುಮ್ಮನಾಗುವುದು ಮಾತನ್ನು ಬಿಡುವುದಕ್ಕಿಂತ ಮೊದಲು ಇರುವುದರ ಒಂದು ಬಗೆ ಎಂಬ ತಿಳಿವಳಿಕೆ ಪದದ ಕಟ್ಟಿನಲ್ಲಿಯೇ ಸೇರಿಕೊಂಡಿದೆ.

ಇಷ್ಟಾದರೂ ಪದಕ್ಕೆ ಮನೆಯಲ್ಲಿ ಮರ್ಯಾದೆ ಕಡಿಮೆ. ‘ಓದು ಮುಗಿಸಿ ಸುಮ್ನೆ ಕೂತಿದಾನೆ’ ಎಂಬ ಮಾತು ಯಾವ ತಾಯಿಯ ಬಾಯಲ್ಲೂ ಹೊಗಳಿಕೆಯಲ್ಲ. ಹಾಗೆಂದು ಸುಮ್ಮನಿರುವುದು ಸುಲಭವೂ ಅಲ್ಲ ಎಂಬುದು ಗಾದೆಗೆ ಗೊತ್ತು: ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರಂತೆ. ಕೈಗೆ ಕೆಲಸವಿಲ್ಲದಾಗ ಮನಸ್ಸು ಇರುವೆಗೂಡು ಹುಡುಕಿಕೊಂಡು ಹೋಗುತ್ತದೆ. ಈ ಕಾಲದ ಇರುವೆಗೂಡು ಅಂಗಿಯ ಜೇಬಿನಲ್ಲೇ ಇರುತ್ತದೆ, ರಾತ್ರಿ ಚಾರ್ಜಿಗೂ ಹಾಕಬೇಕಾಗುತ್ತದೆ.

ಅದಕ್ಕೇ ಸುಮ್ಮನೆ ಕೂರುವವರಿಗೆ ಒಂದು ನೆಪ ಬೇಕು. ಹೊಳೆದಂಡೆಯಲ್ಲಿ ಆ ನೆಪದ ಹೆಸರು ಗಾಳ. ಮೀನು ಸಿಕ್ಕರೆ ಸಾರು, ಸಿಗದಿದ್ದರೆ ಮಧ್ಯಾಹ್ನವೆಲ್ಲ ನೀರು ನೋಡಿದ್ದಾಯಿತು. ಯಾರೂ ಸೋಮಾರಿ ಎನ್ನುವಂತಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳವೂ ಇತ್ತು, ಹಕ್ಕಿಗಳ ಚಿತ್ರ ತೆಗೆಯುವ ಕ್ಯಾಮೆರಾವೂ ಇತ್ತು. ಎರಡೂ ಗಂಟೆಗಟ್ಟಲೆ ಅಲುಗಾಡದೆ ಕಾಯುವುದನ್ನು ಬೇಡುವ ಹವ್ಯಾಸಗಳೇ. ಅವರ ಮನೆಯ ಹೆಸರು ‘ನಿರುತ್ತರ’. ‘ಯಾಕೆ ಕೂತಿದೀರಿ?’ ಎಂದು ಕೇಳುವವರಿಗೆ ಅದು ಒಳ್ಳೆಯ ಬೋರ್ಡು.

ಆದರೆ ಅಲುಗಾಡದೆ ಇರುವುದೆಲ್ಲ ಸುಮ್ಮನಿರುವುದಲ್ಲ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಿದರೆ ಬಂಡೆಯ ಮೇಲೆ ಮೊಸಳೆ ಕಲ್ಲಿನಂತೆ ಬಿದ್ದಿರುತ್ತದೆ. ಅದಕ್ಕೆ ಬಿಸಿಲಿನಿಂದ ಮೈ ಕಾಯಿಸಿಕೊಳ್ಳುವ ಕೆಲಸವಿದೆ. ನೀರಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಬಕಪಕ್ಷಿಯ ಕಣ್ಣು ಮೀನಿನ ಮೇಲಿದೆ. ಆ ನಿಲುವಿಗೆ ಕನ್ನಡ ‘ಬಕಧ್ಯಾನ’ ಎಂಬ ಚುಚ್ಚುವ ಹೆಸರನ್ನೇ ಇಟ್ಟಿದೆ. ಕಬಿನಿ ಹಿನ್ನೀರಿನ ಸಫಾರಿ ಜೀಪಿನಲ್ಲಿ ಉಸಿರು ಬಿಗಿಹಿಡಿದು ಹುಲಿಗಾಗಿ ಕಾಯುವವರದೂ ಬಹುಪಾಲು ಇದೇ ಜಾತಿಯ ಧ್ಯಾನ. ಹುಲಿ ಬರದಿದ್ದರೆ ‘ಏನೂ ಸಿಗಲಿಲ್ಲ’ ಎಂದು ಮುಖ ಸಣ್ಣ ಮಾಡಿಕೊಂಡು ಮರಳುತ್ತಾರೆ. ಎದುರಿಗಿದ್ದ ಹಿನ್ನೀರು, ಜಿಂಕೆ, ಸಂಜೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸದ್ದು ಹೋಗಿದೆ, ಉದ್ದೇಶ ಹೋಗಿಲ್ಲ.

ಉದ್ದೇಶವೂ ಕಳಚುವುದಕ್ಕೆ ಸ್ವಲ್ಪ ಹೊತ್ತು ಬೇಕು. ಮನುಷ್ಯ ಕಾಡಿಗೆ ಕಾಲಿಟ್ಟ ಕೂಡಲೇ ಕಾಡು ಎಚ್ಚರಗೊಳ್ಳುತ್ತದೆ; ಮುಸುವ ಕೆಮ್ಮುತ್ತದೆ, ಹಕ್ಕಿಗಳು ಕೂಗಿ ಸುದ್ದಿ ಮುಟ್ಟಿಸಿ ಎಲೆಮರೆಗೆ ಸರಿಯುತ್ತವೆ. ಬಂದವರು ಒಂದು ಮರದ ಬುಡದಲ್ಲಿ ಕದಲದೆ ಕೂತರೆ ನಿಧಾನವಾಗಿ ಎಲ್ಲವೂ ತಮ್ಮ ಕೆಲಸಕ್ಕೆ ಮರಳುತ್ತವೆ. ಕೂತವರ ಒಳಗೂ ಅದೇ ಹೊತ್ತಿನಲ್ಲಿ ಅಂಥದ್ದೇ ಒಂದು ಬದಲಾವಣೆ ನಡೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ದಂಪತಿ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ 1989ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಲೆಕ್ಕ, ಓದು, ರಸ್ತೆ ದಾಟುವುದು ಇವಕ್ಕೆಲ್ಲ ಬಲವಂತದಿಂದ ಹಿಡಿದು ನಿಲ್ಲಿಸುವ ಗಮನ ಬೇಕು, ಅದು ದಣಿಯುತ್ತದೆ. ಗಾಳಿಗೆ ಅಲುಗುವ ಎಲೆ, ಹರಿಯುವ ನೀರು, ಸರಿಯುವ ಮೋಡ ಗಮನವನ್ನು ಸೆಳೆದರೂ ಏನನ್ನೂ ಕೇಳುವುದಿಲ್ಲ. ದಣಿದ ಗಮನಕ್ಕೆ ಆಗ ವಿಶ್ರಾಂತಿ ಸಿಗುತ್ತದೆ. ನಾಲ್ಕು ಗೋಡೆಯ ನಡುವೆ ಕಣ್ಣುಮುಚ್ಚಿ ಕೂತರೂ ಅಡಗದ ಮನಸ್ಸು ಹೊಳೆಯ ಬದಿಯಲ್ಲಿ ಕಣ್ಣು ತೆರೆದಿದ್ದಾಗಲೇ ಅಡಗುವುದು ಹೀಗೆ. ಎಲೆ ಸುಮ್ಮನೆ ಅಲುಗುತ್ತದೆ, ನೋಡುವವರೂ ಸುಮ್ಮನೆ ನೋಡುತ್ತಾರೆ.

ಈ ಸ್ಥಿತಿಯ ಅತಿ ದೊಡ್ಡ ಚಿತ್ರ ಕನ್ನಡನಾಡಿನಲ್ಲಿ ಕಲ್ಲಿನಲ್ಲಿದೆ. ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಬಾಹುಬಲಿಯ ಎತ್ತರ ಸುಮಾರು 58 ಅಡಿ. ಕಾಲ ಬಳಿ ಹುತ್ತ ಬೆಳೆದಿದೆ, ಹಾವುಗಳು ಹೊರಗೆ ಇಣುಕುತ್ತಿವೆ, ಬಳ್ಳಿ ತೊಡೆಯನ್ನು ಸುತ್ತಿ ತೋಳಿನವರೆಗೆ ಏರಿದೆ. ಬಳ್ಳಿಗೆ ಆತ ಮರವೋ ಮನುಷ್ಯನೋ ಎಂಬ ಭೇದ ಉಳಿದಿಲ್ಲ. ಅದಕ್ಕಿಂತ ಎಷ್ಟೋ ಮೊದಲಿನ ಬಾದಾಮಿಯ ಜೈನ ಗುಹೆಯಲ್ಲೂ ಬಾಹುಬಲಿ ಬಳ್ಳಿಯ ಜೊತೆಗೇ ಇದ್ದಾನೆ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟು ಕಾಡಿಗೆ ಹೋದವನ ಈ ಕಥೆಯನ್ನು ಪಂಪ 941ರ ‘ಆದಿಪುರಾಣ’ದಲ್ಲಿ ಹೇಳಿದ. ಜನ ಹೇಳಿಕೊಂಡು ಬಂದಿರುವ ಕಥೆಯಲ್ಲಿ ಒಂದು ಮುಳ್ಳೂ ಇದೆ: ಒಂದು ವರ್ಷ ಅಲುಗದೆ ನಿಂತರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ‘ನಿಂತಿರುವ ನೆಲ ಅಣ್ಣನದು’ ಎಂಬ ಎಣಿಕೆ ಒಳಗೆ ಉಳಿದಿತ್ತು. ಭರತ ತಾನೇ ಬಂದು ನಮಿಸಿದ ಮೇಲೆ ಅದು ಹೋಯಿತು. ಬಳ್ಳಿ ಹಬ್ಬುವಷ್ಟು ಮೈ ಸುಮ್ಮನಾದರೂ ಮನಸ್ಸು ಸುಮ್ಮನಾಗಿರಲಿಲ್ಲ. ಕಥೆ ಕಟ್ಟಿದವರು ಬಕಧ್ಯಾನದ ಹತ್ತಿರದ ನೆಂಟನನ್ನು ಮಹಾತಪಸ್ವಿಯಲ್ಲೂ ಗುರುತಿಸುವಷ್ಟು ಕಟುವಾಗಿದ್ದರು.

ತಮಿಳಿನಲ್ಲಿ ಈ ಪದ ನೇರವಾಗಿ ಉಪದೇಶವೇ ಆಯಿತು. 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ ತಿರುವಣ್ಣಾಮಲೆಗೆ ಬಂದ ರಮಣ ಮಹರ್ಷಿ 1950ರಲ್ಲಿ ದೇಹ ಬಿಡುವವರೆಗೆ ಅರುಣಾಚಲ ಬೆಟ್ಟವನ್ನು ಬಿಟ್ಟು ಹೋಗಲಿಲ್ಲ. ಮೊದಲ ಎರಡೂವರೆ ದಶಕಗಳಲ್ಲಿ ಹೆಚ್ಚಿನ ಕಾಲ ಅವರ ವಾಸ ಬೆಟ್ಟದ ಗುಹೆಗಳಲ್ಲೇ. ಸಾಧನೆಯ ದಾರಿ ಕೇಳಿ ಬಂದವರಿಗೆ ಅವರು ಕೊಡುತ್ತಿದ್ದ ಉತ್ತರಗಳಲ್ಲಿ ‘ಸುಮ್ಮಾ ಇರು’ ಎಂಬುದೂ ಒಂದು. ಕನ್ನಡಿಗರಿಗೆ ಇದನ್ನು ಅನುವಾದಿಸಿ ಹೇಳಬೇಕಿಲ್ಲ.

ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್-ಯೊಕು’ ಎಂಬ ಹೊಸ ಪದವನ್ನು ಚಾಲ್ತಿಗೆ ತಂದಿತು. ಕಾಡಿನಲ್ಲಿ ಮೀಯುವುದು ಎಂದು ಅದರ ಅರ್ಥ. ಈಗ ಅದು ‘ಅರಣ್ಯಸ್ನಾನ’ವಾಗಿ ರೆಸಾರ್ಟುಗಳ ಜಾಹೀರಾತಿಗೂ ಇಳಿದಿದೆ: ಬೆಳಿಗ್ಗೆ ಇಷ್ಟು ಗಂಟೆಗೆ, ತಲೆಗೆ ಇಷ್ಟು, ತಿಂಡಿ ಸೇರಿ. ಕೊಡಗಿನ ಸುಮಾರು 1,200 ದೇವರಕಾಡುಗಳಲ್ಲಿ ಕಡಿಯಬಾರದು, ಬೇಟೆಯಾಡಬಾರದು ಎಂಬ ಕಟ್ಟಳೆಗಳಿವೆಯೇ ಹೊರತು ವೇಳಾಪಟ್ಟಿ ಇಲ್ಲ. ಹಣ ಪಡೆದು ಮಾಡಿಸುವ ಸ್ನಾನದಿಂದಲೂ ಮೈಮನಕ್ಕೆ ಹಿತವಾಗಬಹುದು. ಆದರೆ ಅದಕ್ಕೆ ಗುರಿ, ಗಂಟೆ, ಶುಲ್ಕ ಮೂರೂ ಇರುವುದರಿಂದ ‘ಸುಮ್ಮನೆ’ ಎಂಬ ಪದ ಅಲ್ಲಿ ಸಲ್ಲುವುದಿಲ್ಲ.

ಆ ಪದಕ್ಕೆ ಕ್ರಿಯಾಪದದ ಆಸರೆಯೂ ಬೇಡವಾಗುವ ಜಾಗ ಊರಮುಂದಿನ ಅರಳಿಕಟ್ಟೆ. ಇಳಿಹೊತ್ತಿನಲ್ಲಿ ಎಲೆಗಳ ಸದ್ದಿನ ಕೆಳಗೆ ಕೂತವರನ್ನು ದಾರಿಹೋಕರು ‘ಏನ್ ಗೌಡ್ರೇ, ಇಲ್ಲಿ ಕೂತಿದೀರಿ?’ ಎಂದು ವಿಚಾರಿಸಿದರೆ, ಸಿಗುವ ಉತ್ತರ ಈಗಲೂ ಇಷ್ಟೇ: ‘ಏನಿಲ್ಲ, ಸುಮ್ನೆ.’