ದಿಲ್ಲಿಯ ಕಂಬಗಳೂ ಅವನ್ನು ಓದಿದವರೂ

ದಿಲ್ಲಿಗೆ ಹೋಗಿಬಂದವರನ್ನು ಅಲ್ಲಿ ಏನೇನು ನೋಡಿದಿರೆಂದು ಕೇಳಿದರೆ, ಕೆಂಪುಕೋಟೆ, ಕುತುಬ್ ಮಿನಾರು, ಹುಮಾಯೂನನ ಗೋರಿ, ರಾಷ್ಟ್ರಪತಿಭವನ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಇವೆಲ್ಲವೂ ನೋಡತಕ್ಕವುಗಳೇ. ಕಳೆದ ಮಾಘಮಾಸದಲ್ಲಿ ನಿವೃತ್ತರಾದ ನಾಲ್ವರು ಉಪಾಧ್ಯಾಯರೊಡನೆ ಆ ರಾಜಧಾನಿಗೆ ಹೋಗಿದ್ದಾಗ ನಾವೂ ಇವುಗಳನ್ನು ನೋಡಿ ಸಂತೋಷಪಟ್ಟೆವು. ಆದರೆ ಇವುಗಳ ವರ್ಣನೆಯು ಯಾತ್ರಿಕರ ಕೈಪಿಡಿಗಳಲ್ಲಿ ಬೇಕಾದಷ್ಟು ದೊರೆಯುವುದರಿಂದ, ಅದನ್ನೇ ಮತ್ತೆ ಬರೆಯುವುದು ಪಿಷ್ಟಪೇಷಣವಾದೀತು. ದಿಲ್ಲಿಯಲ್ಲಿ ಬರಹವುಳ್ಳ ಕೆಲವು ಪ್ರಾಚೀನ ಕಂಬಗಳೂ ಒಂದು ಬಂಡೆಯೂ ಉಂಟು. ಯಾತ್ರಿಕರು ಅವುಗಳ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವುಗಳ ಕಥೆಯು ಓದುಬರಹವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿದ್ದ ನಮ್ಮಂಥವರಿಗೆ ಸಂಬಂಧಿಸಿದುದು. ನಮ್ಮ ಚಿತ್ರದುರ್ಗದ ಸೀಮೆಗೂ ಸಂಬಂಧಿಸಿದುದು. ಆದಕಾರಣ ಅದನ್ನಿಷ್ಟು ಬರೆಯುವೆನು.

ಹಳೆಯ ಪಟ್ಟಣದ ದಿಲ್ಲಿ ದರವಾಜೆಯಿಂದ ಹೊರಕ್ಕೆ ಬಂದರೆ, ಕ್ರಿಕೆಟ್ ಮೈದಾನದ ಮಗ್ಗುಲಲ್ಲಿಯೇ ಫಿರೋಜ್ ಷಾ ಕೋಟ್ಲಾ ಎಂಬ ಹಾಳುಕೋಟೆ ಇರುವುದು. ಇದು ತುಘಲಕ್ ವಂಶದ ಫಿರೋಜ್ ಷಾ ಸುಲ್ತಾನನು (1351–1388) ಕಟ್ಟಿಸಿದ ಫಿರೋಜಾಬಾದೆಂಬ ರಾಜಧಾನಿಯ ಅರಮನೆ. ಯಮುನೆಯು ಆಗ ಇದರ ಗೋಡೆಗೆ ತಾಗಿ ಹರಿಯುತ್ತಿದ್ದಿತು. ಈಗ ಬಹುದೂರ ಸರಿದುಹೋಗಿದೆ. ಒಳಗೆ ಮೂರು ಅಂತಸ್ತುಗಳಾಗಿ ಮೇಲಮೇಲಕ್ಕೆ ಕಿರಿದಾಗುತ್ತ ಹೋಗುವ ಒರಟುಗಲ್ಲಿನ ಕಟ್ಟಡವೊಂದುಂಟು. ಅದರ ನೆತ್ತಿಯ ಮೇಲೆ ಸುಮಾರು 43 ಅಡಿ ಉದ್ದದ, ಏಕಶಿಲೆಯ ಕಂಬವೊಂದು ಆಕಾಶಕ್ಕೆ ಮುಖಮಾಡಿ ನಿಂತಿದೆ. ಕಟ್ಟಡವು ಮುಪ್ಪಾಗಿ ಉದುರುತ್ತಿದೆ. ಅದಕ್ಕಿಂತ 1600 ವರ್ಷಗಳಷ್ಟು ಹಿರಿದಾದ ಕಂಬವಾದರೋ ಇಂದಿಗೂ ಬಿಸಿಲಿನಲ್ಲಿ ಹೊಳೆಯುತ್ತಿದೆ. ಮೌರ್ಯರ ಕಾಲದ ಶಿಲ್ಪಿಗಳು ಕಲ್ಲಿಗೆ ಕೊಡುತ್ತಿದ್ದ ನುಣುಪು ಅಂಥದು.

ಈ ಕಂಬವು ಮೊದಲು ಇಲ್ಲಿದ್ದುದಲ್ಲ. ಅಂಬಾಲದ ಕಡೆಯ ತೋಪ್ರಾ ಎಂಬ ಹಳ್ಳಿಯಲ್ಲಿ, ಅಂದರೆ ಈಗಿನ ಹರಿಯಾಣದ ಯಮುನಾನಗರ ಜಿಲ್ಲೆಯಲ್ಲಿ ನಿಂತಿದ್ದಿತು. ಬೇಟೆಯಲ್ಲಿಯೂ ಕಟ್ಟಡಗಳಲ್ಲಿಯೂ ಅತ್ಯಾಸಕ್ತನಾದ ಫಿರೋಜನು ಅದನ್ನು ಕಂಡು ಬೆರಗಾಗಿ, ತನ್ನ ರಾಜಧಾನಿಗೆ ಸಾಗಿಸಬೇಕೆಂದು ಸಂಕಲ್ಪಿಸಿದನು. ಆಗ 12 ವರ್ಷದ ಬಾಲಕನಾಗಿದ್ದ ಷಂಸ್-ಇ-ಸಿರಾಜ್ ಅಫೀಫನೆಂಬಾತನು ಮುಂದೆ ತಾನು ಬರೆದ ಚರಿತ್ರೆಯಲ್ಲಿ ಈ ಸಾಗಾಟವನ್ನು ವಿಸ್ತಾರವಾಗಿ ವರ್ಣಿಸಿರುವನು. ಸುತ್ತುಮುತ್ತಿನ ಹಳ್ಳಿಗಳಿಂದ ಜನರನ್ನು ಕರೆಸಿ, ಬೂರುಗದ ಅರಳೆಯನ್ನು ರಾಶಿರಾಶಿಯಾಗಿ ತರಿಸಿ ಕಂಬದ ಸುತ್ತಲೂ ಮೆತ್ತೆಯಂತೆ ಹಾಸಿದರಂತೆ. ಬುಡವನ್ನು ಅಗೆದಾಗ ಕಂಬವು ಆ ಮೆತ್ತೆಯ ಮೇಲೆ ಮೆಲ್ಲನೆ ಒರಗಿತಂತೆ. ಬಳಿಕ ಅರಳೆಯನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ನೆಲಕ್ಕಿಳಿಸಿ, ಪೆಟ್ಟು ತಗಲದಂತೆ ಜೊಂಡಿನಿಂದಲೂ ಹಸಿದೊಗಲಿನಿಂದಲೂ ಸುತ್ತಿದರು. 42 ಗಾಲಿಗಳ ಬಂಡಿಯೊಂದು ಸಿದ್ಧವಾಯಿತು. ಒಂದೊಂದು ಗಾಲಿಗೂ ಒಂದು ಹಗ್ಗ, ಒಂದೊಂದು ಹಗ್ಗಕ್ಕೂ 200 ಆಳು. ಲೆಕ್ಕ ಹಾಕಿದರೆ 8400 ಜನರಾಗುವರು. ಹೀಗೆ ಎಳೆದು ಯಮುನೆಯ ದಡಕ್ಕೆ ತಂದು, ದೊಡ್ಡ ದೊಡ್ಡ ದೋಣಿಗಳನ್ನು ಕೂಡಿಸಿ ಅವುಗಳ ಮೇಲೇರಿಸಿ ಫಿರೋಜಾಬಾದಿಗೆ ತೇಲಿಸಿಕೊಂಡು ಬಂದರು. ಕಂಬವನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಅದರ ತಲೆಗೆ ಚಿನ್ನದ ಮುಲಾಮಿನ ಕಲಶವನ್ನಿಟ್ಟರು. ಒಡೆಯುವುದಕ್ಕೆ ಒಂದು ಗಳಿಗೆ ಸಾಕಾಗಿದ್ದ ವಸ್ತುವನ್ನು ಅರಳೆಯ ಮೇಲೆ ಮಲಗಿಸಿ ತಂದ ಈ ಸುಲ್ತಾನನಿಗೆ ಚರಿತ್ರಪ್ರಿಯರೆಲ್ಲರೂ ಋಣಿಗಳು. ಅವನು ಇತರ ವಿಷಯಗಳಲ್ಲಿ ಹೇಗಿದ್ದನೆಂಬುದು ಬೇರೆಯ ಮಾತು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಕಂಬದ ಮೈಮೇಲೆ ಸಾಲುಸಾಲಾಗಿ ಅಕ್ಷರಗಳಿದ್ದುವು. ಅವು ಏನೆಂದು ತಿಳಿಯುವ ಕುತೂಹಲದಿಂದ ಸುಲ್ತಾನನು ಅನೇಕ ಬ್ರಾಹ್ಮಣರನ್ನು ಕರೆಸಿ ಓದಿಸಲು ಯತ್ನಿಸಿದನೆಂದೂ, ಯಾರಿಂದಲೂ ಓದಲಾಗಲಿಲ್ಲವೆಂದೂ ಅಫೀಫನು ಬರೆದಿರುವನು. ಅಷ್ಟಕ್ಕೇ ನಿಂತಿದ್ದರೆ ನಮಗೆ ವ್ಯಸನವಿರುತ್ತಿದ್ದಿತೇ ಹೊರತು ನಾಚಿಕೆಗೆ ಕಾರಣವಿರುತ್ತಿರಲಿಲ್ಲ. ಆದರೆ ಆ ಗ್ರಂಥಕಾರನು ಇನ್ನೂ ಒಂದು ಮಾತನ್ನು ಸೇರಿಸಿರುವನು. ಕೆಲವರು ಹಿಂದುಗಳು ಆ ಬರಹಕ್ಕೆ ಅರ್ಥವನ್ನು ಹೇಳಿಯೇಬಿಟ್ಟರಂತೆ! ಮುಂದೊಂದು ಕಾಲದಲ್ಲಿ ಫಿರೋಜನೆಂಬ ಮುಸಲ್ಮಾನ ಸುಲ್ತಾನನು ಹುಟ್ಟುವವರೆಗೆ ಈ ಕಂಬವನ್ನು ಯಾರೂ ಕದಲಿಸಲಾರರು ಎಂಬುದೇ ಅವರು ಹೇಳಿದ ಅರ್ಥ.

ಕೋಟ್ಲಾದ ಮೆಟ್ಟಿಲ ಮೇಲೆ ಕುಳಿತು ಈ ವೃತ್ತಾಂತವನ್ನು ನಮ್ಮ ಗುಂಪಿನವರಿಗೆ ಹೇಳಿದಾಗ, ಗಣಿತದ ಉಪಾಧ್ಯಾಯರಾಗಿದ್ದ ಮಿತ್ರರು, “ಪಾಪ, ತಲೆ ಉಳಿಸಿಕೊಳ್ಳಬೇಡವೇ, ಸ್ವಾಮಿ?” ಎಂದರು. ಇರಬಹುದು. ಆದರೆ ತಿಳಿಯದೆಂದು ಒಪ್ಪಿಕೊಂಡವರಿಗೆ ಶಿಕ್ಷೆಯಾಯಿತೆಂದು ಅಫೀಫನು ಹೇಳಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿದ ನನಗೆ, ತಿಳಿಯದೆಂದು ತಲೆ ತಗ್ಗಿಸಿ ಹೊರಟುಹೋದ ಆ ಅನಾಮಧೇಯರ ಪಂಕ್ತಿಯಲ್ಲಿ ಕುಳ್ಳಿರಲು ಯಾವ ಸಂಕೋಚವೂ ಇಲ್ಲ. ಮತ್ತೊಂದು ಪಂಕ್ತಿಯು ಬೇಡ. ಅವರಿಗೆ ಭಾಷೆಯ ಜ್ಞಾನಕ್ಕೆ ಕೊರತೆಯಿರಲಿಲ್ಲ. ಆ ಬರಹದ ಪ್ರಾಕೃತವು ನಾಟಕಗಳಲ್ಲಿ ಪ್ರಾಕೃತವನ್ನು ಓದಿದವರಿಗೆ ತೀರ ಅಪರಿಚಿತವಾಗತಕ್ಕದ್ದಲ್ಲ. ತಪ್ಪಿಹೋಗಿದ್ದುದು ಲಿಪಿಯ ಎಳೆ. ಗುರುವಿನಿಂದ ಶಿಷ್ಯನಿಗೆ ಬರುತ್ತ ಬರುತ್ತ ಅಕ್ಷರಗಳು ರೂಪಾಂತರ ಹೊಂದಿದುವು. ಹಳೆಯ ರೂಪವನ್ನು ಉಳಿಸಿಕೊಳ್ಳುವ ಪಾಠಕ್ರಮವು ಎಲ್ಲಿಯೂ ಇರಲಿಲ್ಲ.

ಅದೇ ಕಂಬದ ಮೇಲೆ ಇನ್ನೊಂದು ಶಾಸನವೂ ಉಂಟು. ಚಾಹಮಾನ ವಂಶದ ವೀಸಲದೇವನೆಂಬ ವಿಗ್ರಹರಾಜನು 1164ರಲ್ಲಿ ಬರೆಯಿಸಿದುದು. ಸಂಸ್ಕೃತಭಾಷೆ, ನಾಗರಿಗೆ ಸಮೀಪವಾದ ಲಿಪಿ. ಇದನ್ನು ಓದುವುದು ಫಿರೋಜನ ಕಾಲದವರಿಗೆ ಕಷ್ಟವಾಗಿರಲಾರದು. ಆದರೆ ಅದರಲ್ಲಿರುವುದು ಮ್ಲೇಚ್ಛರನ್ನು ನಿರ್ಮೂಲಮಾಡಿ ಆರ್ಯಾವರ್ತವೆಂಬ ಹೆಸರನ್ನು ಸಾರ್ಥಕಗೊಳಿಸಿದೆನೆಂಬ ಹೊಗಳಿಕೆ! ಇದನ್ನು ಸುಲ್ತಾನನ ಎದುರಿಗೆ ಗಟ್ಟಿಯಾಗಿ ಓದತಕ್ಕ ಎದೆ ಯಾರಿಗಿದ್ದೀತು? ಇಲ್ಲಿ ಮಾತ್ರ ಗಣಿತದ ಮಿತ್ರರ ಪಕ್ಷಕ್ಕೆ ಬಲವುಂಟೆಂದು ತೋರುವುದು.

ಪಾಮರರಿಗಾದರೋ ಓದುವ ಗೊಡವೆಯೇ ಇರಲಿಲ್ಲ. ಅವರಿಗೆ ಅದು ಭೀಮಸೇನನು ದನ ಕಾಯುತ್ತಿದ್ದಾಗ ಹಿಡಿಯುತ್ತಿದ್ದ ಕೋಲು. 17ನೆಯ ಶತಮಾನದಲ್ಲಿ ಬಂದ ಕೋರಿಯಟ್ಟನೆಂಬ ಆಂಗ್ಲೇಯ ಯಾತ್ರಿಕನಿಗೆ ಅದೇ ಅಕ್ಷರಗಳು ಗ್ರೀಕರ ಅಕ್ಷರಗಳಾಗಿಯೂ, ಕಂಬವು ಅಲೆಗ್ಸಾಂಡರನು ಪೋರಸನನ್ನು ಗೆದ್ದುದರ ಜಯಸ್ತಂಭವಾಗಿಯೂ ತೋರಿದುವು. ಯಾರ ಮನಸ್ಸಿನಲ್ಲಿ ಏನಿದ್ದಿತೋ ಕಲ್ಲು ಅದನ್ನೇ ಹೇಳಿತು. 18ನೆಯ ಶತಮಾನದ ಕೊನೆಯಲ್ಲಿಯೂ, ಎಲ್ಲೋರ ಮೊದಲಾದ ಗುಹೆಗಳಲ್ಲಿದ್ದ ಇಂಥದೇ ಬರಹಗಳನ್ನು ಕಾಶಿಯ ಪಂಡಿತರೊಬ್ಬರು ವಿಲ್ಫೋರ್ಡ್ ಎಂಬ ಸೇನಾಧಿಕಾರಿಗೆ ಪಾಂಡವರ ವನವಾಸದ ಗುಪ್ತಲೇಖಗಳೆಂದು ಓದಿಕೊಟ್ಟರು. ಅದು ದೊಡ್ಡವರ ಪತ್ರಿಕೆಯಲ್ಲಿ ಅಚ್ಚೂ ಆಯಿತು.

ಕಡೆಗೆ ಬೀಗವನ್ನು ತೆರೆದವನು ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್. ಬೀಗದ ಕೈಯಾದರೋ ಈ ಕಂಬದಲ್ಲಿ ಸಿಕ್ಕಲಿಲ್ಲ. ಸಾಂಚಿಯ ಸ್ತೂಪದ ಕಲ್ಲುಬೇಲಿಯಲ್ಲಿ ಸಿಕ್ಕಿತು. 1837ರಲ್ಲಿ ಅಲ್ಲಿಂದ ಬಂದ ಚಿಕ್ಕಚಿಕ್ಕ ಬರಹಗಳ ಪಡಿಯಚ್ಚುಗಳನ್ನು ನೋಡುತ್ತಿರುವಾಗ, ಬಹುತೇಕ ಎಲ್ಲವೂ ಒಂದೇ ಎರಡು ಅಕ್ಷರಗಳಿಂದಲೂ ಅನುಸ್ವಾರದ ಬಿಂದುವಿನಿಂದಲೂ ಮುಗಿಯುವುದನ್ನು ಅವನು ಗಮನಿಸಿದನು. ದೇವಸ್ಥಾನಗಳಲ್ಲಿ ಭಕ್ತರು ಕೆತ್ತಿಸುವುದೇನು? ಇಂಥವನ ದಾನ ಎಂದಲ್ಲವೇ? ಹಾಗಾದರೆ ಕೊನೆಯ ಪದವು “ದಾನಂ” ಎಂದಾಗಬೇಕು. ಅದರ ಹಿಂದಿನ ಅಕ್ಷರವು ಷಷ್ಠೀವಿಭಕ್ತಿಯ “ಸ” ಆಗಬೇಕು. ದಕಾರ, ನಕಾರ, ಸಕಾರಗಳು ದೊರೆತ ಮೇಲೆ ಉಳಿದವುಗಳು ಒಂದನ್ನೊಂದು ಕೈಹಿಡಿದು ಬಂದುವು. ದೊಡ್ಡ ಅರಸರ ಮಾತಿಗೆ ಕಿವಿಗೊಟ್ಟವರಿಗೆ ತಿಳಿಯದ ಲಿಪಿಯನ್ನು, ಕಲ್ಲುಬೇಲಿಗೆ ಒಂದೊಂದು ಕಲ್ಲು ಕೊಟ್ಟ ಸಾಮಾನ್ಯ ಗೃಹಸ್ಥರೂ ಭಿಕ್ಷುಣಿಯರೂ ತಿಳಿಸಿಕೊಟ್ಟರೆಂಬುದು ಎಷ್ಟು ಸೊಗಸಾಗಿದೆ! ಪ್ರಿನ್ಸೆಪ್ಪನ ಪಕ್ಕದಲ್ಲಿ ಕಮಲಾಕಾಂತ ವಿದ್ಯಾಲಂಕಾರರೆಂಬ ವಂಗದೇಶದ ಪಂಡಿತರಿದ್ದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಹೇಳಬೇಕು. ಪ್ರಿನ್ಸೆಪ್ಪನು ಅತಿಶ್ರಮದಿಂದ ಕಾಯಿಲೆಬಿದ್ದು 1840ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡನು.

ಹಾಗೆ ಓದಿದಾಗ ತಿಳಿದುಬಂದ ಹೆಸರು, ದೇವಾನಂಪಿಯ ಪಿಯದಸಿ. ಮಗಧದವರ ನಾಲಗೆಗೆ ರೇಫವು ಒಗ್ಗದಾದ್ದರಿಂದ ಕಂಬದ ಮೇಲೆ ರಾಜನು “ಲಾಜಾ” ಆಗಿರುವನು. ನಮ್ಮ ಶಾಲೆಯಲ್ಲಿ ಹುಡುಗನೊಬ್ಬನು ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆವು. ಚಕ್ರವರ್ತಿಯ ಕಿವಿಯನ್ನು ಹಿಂಡುವವರಾರು! ಈ ಪಿಯದಸಿಯು ಮೌರ್ಯ ಅಶೋಕನೇ ಎಂಬುದನ್ನು ಸಿಂಹಳದ ಪಾಲಿಗ್ರಂಥಗಳ ಬಲದಿಂದ ಟರ್ನರ್ ಎಂಬವನು ಅದೇ ವರ್ಷ ತೋರಿಸಿದನು. ಆದರೂ ಅಶೋಕನೆಂಬ ಹೆಸರು ಅವನ ಶಾಸನದಲ್ಲಿಯೇ ಕಾಣಲು 1915ರವರೆಗೆ ಕಾಯಬೇಕಾಯಿತು. ಅದು ದೊರೆತುದು ದಿಲ್ಲಿಯಲ್ಲಲ್ಲ, ಪಾಟಲೀಪುತ್ರದಲ್ಲಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಕೋಟ್ಲಾದ ಕಂಬದಲ್ಲಿ ಏಳು ಶಾಸನಗಳುಂಟು. ಏಳನೆಯದು ಬೇರಾವ ಕಂಬದಲ್ಲಿಯೂ ದೊರೆತಿಲ್ಲ. ದಾರಿಗಳಲ್ಲಿ ನೆರಳಿಗೆ ಆಲದ ಮರಗಳನ್ನು ನೆಡಿಸಿದುದು, ಮಾವಿನ ತೋಪುಗಳನ್ನು ಹಾಕಿಸಿದುದು, ಬಾವಿಗಳನ್ನು ತೋಡಿಸಿದುದು ಇವನ್ನು ಹೇಳಿ, ಕಡೆಯಲ್ಲಿ ಅರಸನು ಒಂದು ಅಪ್ಪಣೆಯನ್ನು ಕೊಟ್ಟಿರುವನು: ಕಲ್ಲಿನ ಕಂಬಗಳಾಗಲಿ ಹಲಗೆಗಳಾಗಲಿ ಇರುವ ಕಡೆಗಳಲ್ಲೆಲ್ಲ ಈ ಧರ್ಮಲಿಪಿಯನ್ನು ಬರೆಯಿಸತಕ್ಕದ್ದು, ಇದು ಚಿರಕಾಲ ನಿಲ್ಲಬೇಕಾಗಿದೆ ಎಂದು. ನಿಂತಿತು. ಕಲ್ಲಿನ ಬಾಳಿಕೆಯ ಲೆಕ್ಕವು ಅವನಿಗೆ ಸರಿಯಾಗಿಯೇ ತಿಳಿದಿದ್ದಿತು. ಓದುವವರ ಬಾಳಿಕೆಯ ಲೆಕ್ಕವು ಯಾರಿಗೆ ತಾನೆ ತಿಳಿದೀತು?

ನಾವು ಹೋದುದು ಗುರುವಾರ. ಆ ದಿನ ಕೋಟ್ಲಾಕ್ಕೆ ನೂರಾರು ಜನರು, ಮುಸಲ್ಮಾನರೂ ಹಿಂದುಗಳೂ, ಅಲ್ಲಿ ವಾಸಿಸುವುವೆಂದು ನಂಬಿರುವ ಜಿನ್ನುಗಳಿಗೆ ಅಹವಾಲು ಸಲ್ಲಿಸಲು ಬರುವರು. ಮಗಳ ಮದುವೆ, ಗಂಡನ ಕಾಯಿಲೆ, ಕೋರ್ಟಿನ ವ್ಯಾಜ್ಯ ಎಲ್ಲವನ್ನೂ ಕಾಗದದಲ್ಲಿ ಬರೆದು, ಕತ್ತಲೆಗೋಣೆಗಳ ಗೂಡುಗಳಲ್ಲಿಟ್ಟು ದೀಪ ಹಚ್ಚುವರು. ಒಂದೇ ಅರ್ಜಿಯನ್ನು ಹಲವು ಪ್ರತಿಗಳಾಗಿ ತೆಗೆಯಿಸಿ ಕೋಣೆಗೊಂದರಂತೆ ಇಟ್ಟವರನ್ನೂ ಕಂಡೆವು. ಅವರನ್ನು ನೋಡಿ ನಗುವುದು ನನ್ನಿಂದಾಗಲಿಲ್ಲ. ಮೇಲುಗಡೆ ಪ್ರಜೆಗಳಿಗೆ ಅರಸನು ಬರೆದ ಓಲೆ; ಕೆಳಗಡೆ ಕಾಣದವರಿಗೆ ಪ್ರಜೆಗಳು ಬರೆಯುವ ಓಲೆ.

ಫಿರೋಜನು ಮೀರತ್ತಿನಿಂದ ತಂದ ಎರಡನೆಯ ಕಂಬವು ಉತ್ತರದಿಕ್ಕಿನ ಗುಡ್ಡದ ಮೇಲಿದೆ. 18ನೆಯ ಶತಮಾನದ ಆದಿಯಲ್ಲಿ ಫರುಕ್ಸಿಯರನ ಆಳಿಕೆಯಲ್ಲಿ ಮದ್ದು ಸಿಡಿದು ಅದು ಐದು ತುಂಡಾಯಿತು. ಬರಹದ ಭಾಗವನ್ನು ಗರಗಸದಿಂದ ಕೊಯ್ದು ಕಲ್ಕತ್ತೆಗೆ ಕಳುಹಿಸಿದ್ದರು. ಅದು 1866ರಲ್ಲಿ ಹಿಂದಿರುಗಿ, ಮರುವರ್ಷ ಕಂಬವನ್ನು ಕೂಡಿಸಿ ನಿಲ್ಲಿಸಿದರು. ಅಕ್ಷರಗಳು ಬಹಳ ಸವೆದಿವೆ. ಮೆಹ್ರೌಲಿಯ ಕಬ್ಬಿಣದ ಕಂಬವನ್ನು ಎಲ್ಲರೂ ಬಲ್ಲರಾದ್ದರಿಂದ ಹೆಚ್ಚಾಗಿ ಬರೆಯುವುದಿಲ್ಲ. ಅದು ಚಂದ್ರನೆಂಬ ಅರಸನು ವಿಷ್ಣುಪದವೆಂಬ ಗಿರಿಯಲ್ಲಿ ನಿಲ್ಲಿಸಿದ ವಿಷ್ಣುಧ್ವಜ. ಇವನು ಗುಪ್ತವಂಶದ ಎರಡನೆಯ ಚಂದ್ರಗುಪ್ತನೆಂದು ಹಲವು ವಿದ್ವಾಂಸರ ಮತ. ಅಲ್ಲಿ ಬಂದವರೆಲ್ಲರೂ ತುಕ್ಕು ಹಿಡಿಯದಿರುವುದನ್ನು ಹೊಗಳುವರೇ ವಿನಾ, ಆರು ಸಾಲಿನ ಆ ಶ್ಲೋಕಗಳ ಕಡೆಗೆ ಕತ್ತೆತ್ತುವವರು ವಿರಳ.

ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಎರಡು ದಿನ ನೋಡಿದೆವು. 1949ರಲ್ಲಿ ರಾಷ್ಟ್ರಪತಿಭವನದಲ್ಲಿ ಆರಂಭವಾದ ಈ ಸಂಸ್ಥೆಯು 1960ರಲ್ಲಿ ಜನಪಥದ ಕಟ್ಟಡಕ್ಕೆ ಬಂದಿತು. ಹೆಬ್ಬಾಗಿಲ ಬಳಿ ಗಿರಿನಾರದ ಅಶೋಕಶಾಸನದ ಪ್ರತಿಕೃತಿಯನ್ನಿಟ್ಟಿರುವರು. ಒಳಗಿನ ಬೊಂಬೆ, ಶಿಲ್ಪ, ಚಿತ್ರ, ನಾಣ್ಯಗಳನ್ನು ಬಿಟ್ಟು ಒಂದನ್ನೇ ಹೇಳುವೆನು. ಮೊಹೆಂಜೊದಾರೊ, ಹರಪ್ಪಗಳ ಮುದ್ರೆಗಳು ಗಾಜಿನ ಹಿಂದೆ ಸಾಲಾಗಿವೆ. ಬೆರಳುಗಲದ ಕಲ್ಲಿನಲ್ಲಿ ಗೂಳಿ, ಆನೆ, ಅವುಗಳ ಮೇಲೆ ನಾಲ್ಕೈದು ಚಿಹ್ನೆಗಳು. ಇವನ್ನು ಇಂದಿನವರೆಗೂ ಓದಿದವರಿಲ್ಲ. ಓದಿದೆವೆಂದು ಹೇಳಿದವರು ಅನೇಕರು. ಒಬ್ಬರಿಗೆ ಅದು ಸಂಸ್ಕೃತ, ಮತ್ತೊಬ್ಬರಿಗೆ ದ್ರಾವಿಡಭಾಷೆ. ಸಾಂಚಿಯ “ದಾನಂ” ಎಂಬಂಥ ನೆಲೆಗಟ್ಟು ಇನ್ನೂ ಯಾರಿಗೂ ಸಿಕ್ಕಿಲ್ಲ. ಆದುದರಿಂದ ಒಬ್ಬರ ಓದು ಮತ್ತೊಬ್ಬರಿಗೆ ಸಲ್ಲದು. ಆ ಮುದ್ರೆಗಳ ಮುಂದೆ ನಿಂತಾಗ, ಫಿರೋಜನ ಸಭೆಯಲ್ಲಿದ್ದ ಎರಡು ಪಂಕ್ತಿಗಳೂ ಇನ್ನೂ ಎದ್ದಿಲ್ಲವೆಂದು ನನಗೆ ತೋರಿತು. ನಮ್ಮ ಸೀಮೆಯ ಗುಡಿಗಳ ಶಾಸನಗಳಿಗೆ ಸುಣ್ಣ ಬಳಿಯುವುದನ್ನೂ, ನಂದಿನಾಗರಿಯ ಓಲೆಕಟ್ಟುಗಳನ್ನು ಬಿಚ್ಚುವವರಿಲ್ಲದೆ ಹುಳು ತಿನ್ನುವುದನ್ನೂ ಕಂಡವರು, ಇದು ಹಳೆಯ ಕಥೆಯೆಂದು ಹೇಳಲಾರರು.

ಹಿಂದಿರುಗುವ ಮೊದಲು ದಕ್ಷಿಣ ದಿಲ್ಲಿಯ ಬಹಾಪುರದ ಬಂಡೆಯನ್ನು ನೋಡಲು ಹೋದೆವು. ಕಾಲ್ಕಾಜಿ ಗುಡಿಗೆ ಅನತಿದೂರದಲ್ಲಿರುವ ಈ ಅಶೋಕಶಾಸನವು 1966ರಲ್ಲಿ, ಮನೆಗಳನ್ನು ಕಟ್ಟುವುದಕ್ಕಾಗಿ ಬಂಡೆ ಒಡೆಯುವ ಸಂದರ್ಭದಲ್ಲಿ ಬೆಳಕಿಗೆ ಬಂದಿತು. ಇಳಿಜಾರು ಕಲ್ಲಿನ ಮೇಲೆ ಕೆಲವು ವಕ್ರವಾದ ಸಾಲುಗಳು. ಮೇಲೊಂದು ಚಾವಣಿ, ಸುತ್ತ ಬೇಲಿ. ಮಿತ್ರರಿಗೆ ನಿರಾಶೆಯಾಯಿತು. ನನಗಾದರೋ ತೌರುಮನೆಯವರನ್ನು ಕಂಡಂತಾಯಿತು. ಏಕೆಂದರೆ ಈ ಶಾಸನದ ಮಾತುಗಳೇ ಸ್ವಲ್ಪ ವ್ಯತ್ಯಾಸದಿಂದ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿವೆ. ಅವನ್ನು 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡುಹಿಡಿದರು. ದಿಲ್ಲಿಯವರು ಕಂಬವನ್ನು ಭೀಮನ ಕೋಲೆಂದಂತೆ ನಮ್ಮವರು ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎಂದು ಕರೆದಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ಮಾತ್ರ ಮರೆಯಲಿಲ್ಲ. ಇಲ್ಲದ ಅರ್ಥವನ್ನು ಅಂಟಿಸಲೂ ಇಲ್ಲ. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಬರಹವು ತೀರ ನಷ್ಟವಾಗಿದೆ.

ಬಹಾಪುರದಲ್ಲಿಲ್ಲದ ಒಂದು ಭಾಗವು ಬ್ರಹ್ಮಗಿರಿಯಲ್ಲುಂಟು. ತಾಯಿತಂದೆಗಳ ಸೇವೆಮಾಡಬೇಕು, ನಿಜವನ್ನಾಡಬೇಕು, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತುಗಳು ಅದರಲ್ಲಿವೆ. ಅದಾದ ಮೇಲೆ, ಬರೆದವನು ಚಪಡನೆಂದು ಬ್ರಾಹ್ಮೀಲಿಪಿಯಲ್ಲಿ ಹೆಸರಿದೆ. ಅವನ ವೃತ್ತಿಯನ್ನು ಹೇಳುವ “ಲಿಪಿಕರೇಣ” ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯತಕ್ಕ ಖರೋಷ್ಠಿಯಲ್ಲಿ, ಗಾಂಧಾರದ ಕಡೆಯವರ ಲಿಪಿಯಲ್ಲಿ, ಕೆತ್ತಿಸಿಬಿಟ್ಟಿರುವನು. ಬ್ರಹ್ಮಗಿರಿಯ ಸುತ್ತಲಿನ ಹಳ್ಳಿಗಳಲ್ಲಿ ಆ ಐದು ಅಕ್ಷರಗಳನ್ನು ಓದಬಲ್ಲವರು ಆಗಲೂ ಇದ್ದಿರಲಾರರು.