ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲಿ ಆಸ್ಟಿಯೋಪಥಿ: ಮಿಷಿಗನ್ನಿನ ಮೊದಲ ಕಾಲೇಜು

ಅಮೆರಿಕದ ಆಸ್ಟಿಯೋಪಥಿ ವೈದ್ಯಪದ್ಧತಿಯ ಕಾಲೇಜೊಂದಕ್ಕೆ ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲಿ ಪ್ರಥಮತಃ ಸ್ಥಾನ ದೊರೆತದ್ದು 1971ರಲ್ಲಿ, ಈಸ್ಟ್ ಲ್ಯಾನ್ಸಿಂಗ್ ಪಟ್ಟಣದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ. ಮಿದುಳಿನ ಪೊರೆಯ ಉರಿಯೂತಕ್ಕೆ 1864ರಲ್ಲಿ ಮೂವರು ಮಕ್ಕಳನ್ನು ಕಳೆದುಕೊಂಡು ಅಂದಿನ ಔಷಧಗಳಲ್ಲಿ ವಿಶ್ವಾಸವಳಿದ ಆಂಡ್ರ್ಯೂ ಟೇಲರ್ ಸ್ಟಿಲ್ಲನು 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್ಲಿನಲ್ಲಿ ಈ ಪಂಥದ ಮೊದಲ ಶಾಲೆಯನ್ನು ತೆರೆದಂದಿನಿಂದ, ಬೋಧನೆಯ ಭಾರವೆಲ್ಲ ಖಾಸಗಿ ಸಂಸ್ಥೆಗಳ ಮೇಲೆಯೇ ಬಿದ್ದಿದ್ದಿತು.

ಹೊಸ ಕಾಲೇಜು ಬೇಕೆಂಬ ಒತ್ತಾಯ 1960ರ ದಶಕದಲ್ಲಿ ತೀವ್ರಗೊಂಡದ್ದಕ್ಕೆ ಕ್ಯಾಲಿಫೋರ್ನಿಯದ ಪ್ರಸಂಗವೇ ಮುಖ್ಯ ಹಿನ್ನೆಲೆ. ಅಲ್ಲಿ ಆಸ್ಟಿಯೋಪಥಿ ವೈದ್ಯರ ಸಂಘಕ್ಕೂ ಸಾಮಾನ್ಯ ವೈದ್ಯರ ಸಂಘಕ್ಕೂ ನಡುವೆ ಒಪ್ಪಂದವೇರ್ಪಟ್ಟು, ಲಾಸ್ ಏಂಜಲೀಸಿನ ಆಸ್ಟಿಯೋಪಥಿ ಕಾಲೇಜು ಸಾಮಾನ್ಯ ವೈದ್ಯಕೀಯ ಕಾಲೇಜಾಗಿ ಮಾರ್ಪಟ್ಟು, ಆಸ್ಟಿಯೋಪಥಿಯ ಡಿ.ಓ. ಪದವಿ ಹೊಂದಿದ್ದ ಎರಡು ಸಾವಿರಕ್ಕೂ ಮಿಕ್ಕ ವೈದ್ಯರು 65 ಡಾಲರ್ ಶುಲ್ಕ ತೆತ್ತು ಎಂ.ಡಿ. ಪದವಿಯನ್ನು ಪಡೆದರು. ದಶಕಗಳ ಕಾಲ ಅವಮಾನಗಳನ್ನು ಸಹಿಸಿ ಕಾಪಾಡಿಕೊಂಡು ಬಂದ ವೃತ್ತಿಯೊಂದು ಒಂದೇ ರಾಜ್ಯದಲ್ಲಿ ಹೀಗೆ ಕರಗಿಹೋದುದು ಉಳಿದವರಲ್ಲಿ ಎಂಥ ಕಳವಳವನ್ನೆಬ್ಬಿಸಿರಬೇಕೆಂಬುದು ಊಹಿಸಲು ಕಷ್ಟವಲ್ಲ.

ಆಸ್ಟಿಯೋಪಥಿ ವೈದ್ಯರ ಸಂಖ್ಯಾಬಲವೂ ಅವರದೇ ಆಸ್ಪತ್ರೆಗಳೂ ಇದ್ದ ಮಿಷಿಗನ್ನಿನಲ್ಲಿ ಪ್ರತಿಕ್ರಿಯೆ ಬೇರೊಂದು ದಾರಿ ಹಿಡಿಯಿತು. 1964ರಲ್ಲಿ ಸನ್ನದು ಪಡೆದ ಅವರ ಖಾಸಗಿ ಕಾಲೇಜು 1969ರಲ್ಲಿ ಪಾಂಟಿಯಾಕ್ ನಗರದಲ್ಲಿ ಪಾಠ ಆರಂಭಿಸಿತು. ಅದೇ ವರ್ಷ ರಾಜ್ಯದ ಶಾಸನಸಭೆಯು ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದರಲ್ಲಿ ಇಂಥ ಶಾಲೆ ಇರತಕ್ಕದ್ದೆಂದು ಕಾಯಿದೆ ಮಾಡಿತು; ಅದರಂತೆ ಪಾಂಟಿಯಾಕಿನ ಕಾಲೇಜೇ ಮಿಷಿಗನ್ ಸ್ಟೇಟ್‌ಗೆ ಸ್ಥಳಾಂತರಗೊಂಡಿತು. ಆದರೆ ಮಿಷಿಗನ್ ಸ್ಟೇಟ್‌ನಲ್ಲಿ ಎಂ.ಡಿ. ಪದವಿಯ ಕಾಲೇಜೊಂದು ಆಗಲೇ ಇದ್ದುದರಿಂದ, ಎರಡನೆಯದು ಏತಕ್ಕೆಂಬ ಪ್ರಶ್ನೆಗೆ ಬರಿಯ ಕಾಯಿದೆ ಉತ್ತರವಾಗಲಾರದು. ಉತ್ತರ ದೊರೆತದ್ದು ವ್ಯವಸ್ಥೆಯಲ್ಲಿ. ಶರೀರಕ್ರಿಯಾವಿಜ್ಞಾನ, ಜೀವರಸಾಯನವೇ ಮೊದಲಾದ ಮೂಲವಿಜ್ಞಾನಗಳ ವಿಭಾಗಗಳು ಪಶುವೈದ್ಯ ಕಾಲೇಜನ್ನೂ ಒಳಗೊಂಡಂತೆ ಮೂರೂ ಕಾಲೇಜುಗಳಿಗೆ ಸಮಾನವಾಗಿ ದುಡಿದವು. ಆಸ್ಟಿಯೋಪಥಿ ವಿದ್ಯಾರ್ಥಿಯಾದರೋ ಇವುಗಳ ಜತೆಗೆ ಬೆನ್ನೆಲುಬಿನ ಮಣಿಗಳ ಉದ್ದಕ್ಕೂ ಬೆರಳಾಡಿಸಿ, ಸ್ನಾಯುವಿನ ಬಿಗಿತವನ್ನೂ ಕೀಲಿನ ಚಲನೆಯನ್ನೂ ಸ್ಪರ್ಶದಿಂದ ಅರಿಯುವ ಅಭ್ಯಾಸವನ್ನು ಪ್ರತ್ಯೇಕವಾಗಿ ಮಾಡುತ್ತಿದ್ದನು. ವಿಜ್ಞಾನವನ್ನು ಹಂಚಿಕೊಂಡೂ ವೈಶಿಷ್ಟ್ಯವನ್ನು ಬಿಟ್ಟುಕೊಡದ ಈ ಏರ್ಪಾಡೇ, ಪ್ರಥಮ ಡೀನ್ ಮೈರನ್ ಮೇಗನ್ನರ ಕಾಲದಲ್ಲಿ ನೆಲೆಗೊಂಡ ನಿಜವಾದ ಸಾಧನೆ.

ಅನಂತರ ಅದೇ ದಶಕದಲ್ಲಿ ಓಕ್ಲಹೋಮ, ಟೆಕ್ಸಾಸ್, ವೆಸ್ಟ್ ವರ್ಜೀನಿಯ ಮತ್ತು ನ್ಯೂಜೆರ್ಸಿಗಳೂ ಈ ಕ್ರಮವನ್ನು ಅನುಸರಿಸಿದುವು. ಒಹಾಯೊ ರಾಜ್ಯವು 1975ರಲ್ಲಿ ಏಥೆನ್ಸ್ ಪಟ್ಟಣದ ತನ್ನ ವಿಶ್ವವಿದ್ಯಾನಿಲಯದಲ್ಲಿ ಇಂಥದೇ ಕಾಲೇಜನ್ನು ಸ್ಥಾಪಿಸಿದಾಗ, ವೈದ್ಯರ ಅಭಾವವಿದ್ದ ಅಪಲಾಚಿಯನ್ ಸೀಮೆಯ ಹಳ್ಳಿಗಳಿಗೆ ಕುಟುಂಬವೈದ್ಯರನ್ನು ಒದಗಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು.